ಒಂದೇ ದಿನದ ಚಿತ್ರಗಳು

ಮದುವೆ ಹಾಲ್‌ನ ಮ್ಯಾನೇಜರು ಬೆಳಿಗ್ಗೆ ಬಾಗಿಲು ತೆರೆದವರೇ ಮೊದಲು ಫೋಟೊ ತೆಗೆಯಬೇಕು, ಕಾಫಿ ಆಮೇಲೆ. ಮುನ್ನೂರು ಕುರ್ಚಿಗಳಲ್ಲಿ ಒಂದು ಸಾಲು ತಪ್ಪಿದ್ದರೂ ಮಂಡಿಯೂರಿ, ಒಂದು ಕಣ್ಣು ಮುಚ್ಚಿ ಸರಿಪಡಿಸುತ್ತಾರೆ. "ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ದೀಪ ಮರೆಯಾಗ್ತಿದೆ" ಎಂದು ಒಮ್ಮೆ ಮದುಮಗನನ್ನೇ ಸರಿಸಿದ್ದರೆಂದು ಅಡುಗೆಯವರು ಇಂದಿಗೂ ನಗುತ್ತಾರೆ. ಬುಕಿಂಗ್ ಇಲ್ಲದ ದಿನ ಖಾಲಿ ವೇದಿಕೆ, ಒಣಹಾಕಿದ ಮೇಜುಬಟ್ಟೆ, ಏನೂ ಸಿಗದಿದ್ದರೆ ಕೈತೊಳೆಯುವ ನಲ್ಲಿಗಳ ಸಾಲಾದರೂ ಇನ್‌ಸ್ಟಾಗ್ರಾಮ್ ಸೇರಲೇಬೇಕು. ಎಲ್ಲವೂ ಸ್ಟೋರಿ, ಒಂದೂ ಪೋಸ್ಟ್ ಅಲ್ಲ. "ಒಂದೇ ದಿನಕ್ಕೆ ಅಳಿಸಿಹೋಗೋದನ್ನ ಹಾಕಿ ಏನ್ರೀ ಪ್ರಯೋಜನ? ನಿಲ್ಲೋ ಹಾಗೆ ಹಾಕಿ" ಎಂದು ಹಾಲ್‌ನ ಯಜಮಾನರು ಹೇಳಿ ಹೇಳಿ ಸೋತಿದ್ದಾರೆ. ಇವರು ತಲೆಯಾಡಿಸಿ ಮತ್ತೆ ಸ್ಟೋರಿಯನ್ನೇ ಹಾಕುತ್ತಾರೆ, ಯಾಕೆಂದರೆ ಯಾರು ಯಾರು ನೋಡಿದರೆಂಬ ಪಟ್ಟಿ ಸಿಗುವುದು ಅದರಲ್ಲಿ ಮಾತ್ರ. ಸಂಜೆ ಆ ಪಟ್ಟಿಯ ಮೇಲೆ ಬೆರಳಾಡಿಸುತ್ತ ಹೋಗಿ ಒಂದು ಹೆಸರಿನ ಬಳಿ ನಿಲ್ಲುತ್ತಾರೆ. ಅದು ಮಗಳದು. ಇದೇ ಹಾಲ್‌ನಲ್ಲಿ ಅಪ್ಪ ಗೊತ್ತುಮಾಡಿದ ಮದುವೆ ಒಲ್ಲೆನೆಂದು, ತಾನು ಮೆಚ್ಚಿದವನ ಜೊತೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಹೋದವಳು. ನಾಲ್ಕು ವರ್ಷದಿಂದ ಮಾತಿಲ್ಲ, ಒಂದು ಲೈಕೂ ಇಲ್ಲ. ಆದರೆ ನಲ್ಲಿಗಳ ಸಾಲನ್ನೂ ಬಿಡದೆ ನೋಡಿದ್ದಾಳೆ. ಈಚೆಗೆ ಇಷ್ಟು ಅಚ್ಚುಕಟ್ಟಿನ ಮನುಷ್ಯನ ಚಿತ್ರಗಳಲ್ಲಿ ಒಂದು ತಪ್ಪು ನುಸುಳುತ್ತಿದೆ. "ನಲ್ಲಿ ಮೇಲಿನ ಕನ್ನಡೀಲಿ ನೀವೂ ಬಿದ್ದಿದ್ದೀರಲ್ರೀ, ತೆಗೀರಿ ಅದನ್ನ" ಎಂದರು ಯಜಮಾನರು ಮೊನ್ನೆ. "ಇರ್ಲಿ ಬಿಡಿ ಸರ್, ಒಂದೇ ದಿನ ತಾನೇ" ಎಂದ ಮ್ಯಾನೇಜರು, ಬಟ್ಟೆ ತೆಗೆದುಕೊಂಡು ಕನ್ನಡಿ ಒರೆಸಲು ಹೋದರು.