ಪವರ್ ಬಟನ್‌ಗೆ ಊದಿನಕಡ್ಡಿ

ಇವತ್ತು ಬೆಳಿಗ್ಗೆ ಊದಿನಕಡ್ಡಿಯ ಹೊಗೆ ಮೂಗಿಗೆ ಬಡಿದಾಗ ಹರಿಹರದ ಮನೆಯ ಹಳೇ ಕಂಪ್ಯೂಟರ್ ನೆನಪಾಯಿತು. ಅದರ ಪವರ್ ಬಟನ್ ಮುರಿದು ಒಳಗೆ ಬಿದ್ದಿತ್ತು. ಅಪ್ಪ ಪೂಜೆ ಮುಗಿಸಿ, ವಿಭೂತಿ ಹಚ್ಚಿದ ಕೈಯಲ್ಲೇ, ಉರಿದು ಉಳಿದ ಕಡ್ಡಿಯನ್ನು ಆ ತೂತಿಗೆ ತೂರಿಸಿ ಒತ್ತುತ್ತಿದ್ದರು. ಫ್ಯಾನು ಗುಂಯ್ ಎನ್ನುತ್ತಿತ್ತು. ದಾವಣಗೆರೆಯಿಂದ ರಿಪೇರಿಯವರನ್ನು ಕರೆಸೋಣ ಎಂದು ಅವ್ವ ಎಷ್ಟು ಹೇಳಿದರೂ, "ಯಾರೂ ಬ್ಯಾಡ. ನನ್ನ ಮಾತು ಕೇಳತೈತೆ ಅದು" ಎನ್ನುತ್ತಿದ್ದರು.

ಆ ಕಂಪ್ಯೂಟರ್ ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು. ಅದು ಹೋದದ್ದು ಅಪ್ಪನಿಗೆ ನೆನಪಿಲ್ಲ. ನಾವೀಗ ಇರುವ ವಿದ್ಯಾನಗರದ ಈ ಮನೆಯಲ್ಲಿ ಹೊಗೆ ಬಂದತ್ತ ಹೋಗಿ ನೋಡಿದರೆ, ಹೊಗೆಯಾಡುವ ಕಡ್ಡಿಯಿಂದ ಬರೀ ಗೋಡೆಯನ್ನು ಒತ್ತುತ್ತಾ ಕೂತಿದ್ದರು. ಬಿಳಿ ಗೋಡೆಯ ತುಂಬ ಕರಿ ಚುಕ್ಕೆ. ನನ್ನನ್ನು ಕಂಡು ಕೈಮುಗಿದರು.

"ರಿಪೇರಿಯವ್ರಾ? ಬರ್ರಿ, ಕೂಡ್ರಿ. ನನ್ನ ಕೈಲಿ ಆಗವಲ್ದು."