ಮುಂದಿನ ಸೀಟು

ಮದುವೆಯಾದ ಹೊಸತರಲ್ಲಿ ಮನೆಯ ಕಿರಿಯರೆಲ್ಲ ಸೇರಿ ದೂರದ ಒಂದು ಥೀಮ್ ಪಾರ್ಕಿಗೆ ಹೋಗಿದ್ದೆವು. ಅಲ್ಲಿ ಹಡಗಿನಂಥದ್ದೊಂದು ಹಿಂದೆ ಮುಂದೆ ತೂಗುತ್ತಿತ್ತು. "ಭಾಳ ಮಸ್ತ್ ಇರ್ತದ, ಬರ್ರಿ ಅತ್ತಿಗಿ," ಎಂದು ಗಂಡನ ತಂಗಿ ಶೈಲಾ ಕೈಹಿಡಿದು ಎಳೆದಳು.

ಹಡಗು ಮೇಲೇರಿ ಇಳಿಯುವಷ್ಟರಲ್ಲಿ ಬಾಯಲ್ಲಿ ನೀರೂರಿತು. ಕೈ ತಣ್ಣಗಾಯಿತು. ಕಿವಿಯ ಹಿಂದೆ ಬೆವರು. ನಿಲ್ಲಿಸಿ ಎಂದು ಕೂಗಿದೆ. ಎಲ್ಲರೂ ಕೂಗುತ್ತಿದ್ದುದರಿಂದ ನನ್ನದೂ ಖುಷಿಯ ಕೂಗೇ ಅಂದುಕೊಂಡರು.

ಶೈಲಾಳ ಹೊಸ ಚೂಡಿದಾರದ ಮೇಲೆ ವಾಂತಿ ಮಾಡಿದೆ.

ಅವಳು ಬೈಯಬೇಕಿತ್ತು, ಬೈಯಲಿಲ್ಲ. ಕಣ್ಣರಳಿಸಿ ನನ್ನ ಮುಖ ನೋಡಿದಳು. ಬೆಂಚಿನ ಮೇಲೆ ಕೂರಿಸಿ, ನೀರು ಕುಡಿಸಿ, ಪಕ್ಕಕ್ಕೆ ಹೋಗಿ ಯಾರಿಗೋ ಫೋನ್ ಮಾಡಿದಳು. ನಾವು ಮಲಪನಗುಡಿಯ ಮನೆಗೆ ಮರಳುವಷ್ಟರಲ್ಲಿ ಅತ್ತೆ ದೃಷ್ಟಿ ತೆಗೆಯಲು ಉಪ್ಪು, ಮೆಣಸಿನಕಾಯಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಹೊಸ ಮದುಮಗಳು ವಾಂತಿ ಮಾಡಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. "ಈಗಲೇ ಯಾರಿಗೂ ಹೇಳಬ್ಯಾಡ್ರಿ," ಎಂದು ಅತ್ತೆ ಓಣಿಯ ಮನೆ ಮನೆಗೂ ಹೋಗಿ ಹೇಳಿಬಂದರು. ಕಂಪ್ಲಿಯಲ್ಲಿರುವ ಅವರ ಅಕ್ಕನಿಗಂತೂ ನಾವು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

ಹೊಸಪೇಟೆಯ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋಗಿ ಪ್ರೆಗ್ನೆನ್ಸಿ ಟೆಸ್ಟ್ ಮಾಡಿಸಿದರು.

ನೆಗೆಟಿವ್.

ಅತ್ತೆಯ ಮುಖ ಇಳಿದುಹೋಯಿತು. ನನಗೆ ಅಳು ಬಂತು. ಏನೂ ಮಾಡದೆ ಇಡೀ ಓಣಿಗೆ ನಿರಾಸೆ ಮಾಡಿದ್ದೆ. ಅಂದಿನಿಂದ ನನ್ನ ವಾಂತಿಗೆ ಮನೆಯಲ್ಲಿ ಬೆಲೆಯೇ ಇಲ್ಲದಂತಾಯಿತು. ಬಸ್ಸಿನಲ್ಲಿ ಬಂದರೂ ಕಾರಿನಲ್ಲಿ ಬಂದರೂ ಅದು "ಸುಮ್ನ ವಾಂತಿ". ಇದೇ ಊರಿನ ಶಾಲೆಯಲ್ಲಿ ಟೀಚರ್ ನಾನು, ಕೆಲಸಕ್ಕೆ ನಡೆದೇ ಹೋಗುತ್ತೇನೆ. ಹಂಪಿಗಾದರೆ ಸ್ಕೂಟಿ ಓಡಿಸಿಕೊಂಡು ಹೋಗಿಬರುತ್ತೇನೆ, ಆಗ ಏನೂ ಆಗುವುದಿಲ್ಲ. ಮಾವನಿಗೆ ಅದೊಂದು ಸಾಕ್ಷಿ ಸಿಕ್ಕಿತು.

"ಸ್ಕೂಟಿ ಮ್ಯಾಲೆ ಬರದ ವಾಂತಿ ಗಾಡ್ಯಾಗ ಹೆಂಗ ಬರ್ತದವ್ವ? ಮನಸ್ಸು ಗಟ್ಟಿ ಮಾಡ್ಕೋಬೇಕು."

ಮಾವ ಕೆಟ್ಟವರಲ್ಲ. ಆದರೆ ಆ ಮಾತು ಕೇಳಿ ಕೇಳಿ ನನಗೂ ಅದೇ ನಿಜವಿರಬಹುದು ಅನ್ನಿಸತೊಡಗಿತ್ತು. ಒಂದು ಹೊಟ್ಟೆಯನ್ನು ಹಿಡಿತದಲ್ಲಿಟ್ಟುಕೊಳ್ಳಲಾಗದವಳು ಮಕ್ಕಳಿಗೇನು ಪಾಠ ಹೇಳಿಯಾಳು ಎಂದು ಎಷ್ಟೋ ಸಲ ನಾಚಿಕೊಂಡಿದ್ದೇನೆ.

ನನ್ನ ತವರು ಬಂಡ್ರಿ, ಸಂಡೂರಿನ ಆಚೆ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ಘಾಟಿನಲ್ಲಿ ತಿರುವಿನ ಮೇಲೆ ತಿರುವು, ಎದುರಿಗೆ ಅದಿರಿನ ಲಾರಿಗಳು. ತಮ್ಮನಿಗೆ ಮೊದಲ ಮಗಳು ಹುಟ್ಟಿದಾಗ ಹೆಸರಿಡುವ ಕಾರ್ಯಕ್ಕೆ ಬಾಡಿಗೆ ಕ್ರೂಸರ್‌ನಲ್ಲಿ ಹೊರಟೆವು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಅವಳು ಬಗ್ಗಿ "ಕುರ್ರ್" ಎಂದು ಹೆಸರು ಉಸುರಿದ ಕೂಡಲೇ ಸುತ್ತ ನಿಂತ ಹೆಂಗಸರು ನಗುತ್ತಾ ಅವಳ ಬೆನ್ನಿಗೆ ಗುದ್ದುತ್ತಾರೆ. ಆ ಗುದ್ದು ತಿನ್ನುವ ಆಸೆ ಎಷ್ಟಿತ್ತೆಂದರೆ ಹಿಂದಿನ ದಿನವೆಲ್ಲ ಕನ್ನಡಿಯ ಮುಂದೆ ಹೆಸರು ಹೇಳಿ ನೋಡಿಕೊಂಡಿದ್ದೆ.

ಖಾಲಿ ಹೊಟ್ಟೆಯಲ್ಲಿ ಗಾಡಿ ಹತ್ತಬಾರದೆಂದು ಅತ್ತೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಹೊಟ್ಟೆತುಂಬ ತಿನ್ನಿಸಿದರು. ಡ್ರೈವರ್ ಪಕ್ಕದಲ್ಲಿ ಮಾವ. ಮಧ್ಯದ ಸೀಟಿನಲ್ಲಿ ಗಂಡಸರು ಮತ್ತು ಅತ್ತೆ. ಕೊನೆಯಲ್ಲಿ ಎದುರುಬದುರಾಗಿ ಹಾಕಿದ ಅಡ್ಡ ಬೆಂಚುಗಳ ಮೇಲೆ ಸೊಸೆಯಂದಿರು, ಮಕ್ಕಳು, ಬುತ್ತಿಗಂಟು. ಯಾವಾಗಲೂ ಹೀಗೇ. ಯಾರು ಎಲ್ಲಿ ಎಂದು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ಘಾಟು ಅರ್ಧ ಏರುವಷ್ಟರಲ್ಲಿ ನನ್ನ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಆಮೇಲೂ ನಿಲ್ಲಲಿಲ್ಲ. ಕಣ್ಣು ಕತ್ತಲಿಟ್ಟಿತು. ನಮ್ಮನೆಯವರು ಎದುರು ಬಂದ ಒಂದು ಕಾರು ನಿಲ್ಲಿಸಿ ನನ್ನನ್ನು ಹೊಸಪೇಟೆಗೆ ಮರಳಿ ಕರೆತಂದರು. ಡ್ರಿಪ್ ಹಾಕಿಸಿಕೊಂಡು ಸೀಲಿಂಗ್ ಫ್ಯಾನ್ ನೋಡುತ್ತಾ ಮಲಗಿದ್ದೆ.

ಬಂಡ್ರಿಯಲ್ಲಿ ಕೂಸಿನ ಕಿವಿಗೆ ಹೆಸರು ಹೇಳಿದವಳು ನನ್ನ ಚಿಕ್ಕಮ್ಮನ ಮಗಳು.

ಆಮೇಲೆ ನಾನು ದೂರದ ಮದುವೆ, ಮುಂಜಿ ಎಲ್ಲ ಬಿಟ್ಟೆ. ಶಾಲೆಯ ಪ್ರವಾಸಕ್ಕೆ ಏನಾದರೊಂದು ನೆಪ ಹೇಳಿದೆ. ತವರಿನವರೇ ನನ್ನನ್ನು ನೋಡಲು ಬರತೊಡಗಿದರು. ಹೋದ ಮಳೆಗಾಲದಲ್ಲಿ ತಮ್ಮನಿಗೆ ಮಗ ಹುಟ್ಟಿದ. ಫೋನ್ ಮಾಡಿದ.

"ಅಕ್ಕ, ನೀನ ಬಂದು ಹೆಸರು ಹೇಳಬೇಕಂತ ನಮಗ ಆಸೆ ಐತಿ. ಆದ್ರ ನಿನಗ ತ್ರಾಸ ಆಗತ್ತಂದ್ರ ಬ್ಯಾಡ ಬಿಡು. ಹೋದ ಸಲ ಹೇಳಿದಾಕೀನ ಕರೀತೀವಿ."

ಪ್ರೀತಿಯಿಂದಲೇ ಹೇಳಿದ. ಅದೇ ಚುಚ್ಚಿತು. ತಮ್ಮನ ಮಕ್ಕಳಿಬ್ಬರಿಗೂ ನಾನು ಫೋನಿನ ಅತ್ತೆಯಾಗಿಯೇ ಉಳಿದುಬಿಡುತ್ತೇನೆ ಅನ್ನಿಸಿತು. ಮರುದಿನ ಶಾಲೆಗೆ ರಜೆ ಹಾಕಿ, ಸ್ಕೂಟಿ ಹತ್ತಿ, ಹೊಸಪೇಟೆಯಲ್ಲಿ ಒಬ್ಬ ಇಎನ್‌ಟಿ ಡಾಕ್ಟರ್ ಹತ್ತಿರ ಹೋದೆ.

ವಯಸ್ಸಾದ ಹೆಣ್ಣುಮಗಳು. ನಾನು ಹೇಳಿದ್ದನ್ನೆಲ್ಲ ನಗದೆ ಕೇಳಿದರು. ವಾಂತಿಯ ಬಗ್ಗೆ ನಗದೆ ಕೇಳಿದವರು ಅವರೇ ಮೊದಲು.

"ಇದಕ್ಕ ಮೋಷನ್ ಸಿಕ್‌ನೆಸ್ ಅಂತಾರಮ್ಮ. ಮನಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಗಾಡಿ ಹೊರಳತದ ಅಂತ ಕಿವಿ ಒಳಗಿನ ಭಾಗ ಹೇಳತದ, ಎಲ್ಲಾ ನಿಂತದ ಅಂತ ಕಣ್ಣು ಹೇಳತದ. ಮೆದುಳು ಯಾರ ಮಾತು ನಂಬಬೇಕು?" ಎಂದರು. ಬಳಿಕ ಕೇಳಿದರು, "ಗಾಡ್ಯಾಗ ಎಲ್ಲಿ ಕುಂದ್ರತೀರಿ?"

"ಹಿಂದ್ರಿ. ಅಡ್ಡ ಸೀಟಿನ್ಯಾಗ."

"ಅಲ್ಲೇ ಯಾಕ?"

ನಾನು ಆ ಮನೆಯ ಸೊಸೆ ಎಂದೆ. ಅವರು ಪೆನ್ನು ಕೆಳಗಿಟ್ಟರು. "ಮಾತ್ರೆ ಕೊಡ್ತೀನಿ. ಹೊರಡೋ ಮುಂಚೆ ತಗೋರಿ, ವಾಂತಿ ಶುರುವಾದ ಮ್ಯಾಲೆ ಅಲ್ಲ. ಮಿರ್ಚಿ ಬ್ಯಾಡ, ಎರಡು ಇಡ್ಲಿ ಸಾಕು. ಫೋನ್ ನೋಡಬ್ಯಾಡ್ರಿ. ಆದ್ರ ಮುಖ್ಯ ಔಷಧ ಮುಂದಿನ ಸೀಟು. ದೂರದ ರಸ್ತೆ ಮ್ಯಾಲೆ ಕಣ್ಣಿಡ್ರಿ. ಸ್ಕೂಟಿ ಓಡಿಸುವಾಗ ನೀವು ಅದನ್ನೇ ಮಾಡ್ತೀರಿ."

ಮಾತ್ರೆ ಮೆಡಿಕಲ್ ಶಾಪಿನಲ್ಲಿ ಸಿಕ್ಕಿತು. ಮುಂದಿನ ಸೀಟು ಮಾವನ ಕೈಯಲ್ಲಿತ್ತು.

"ಅಪ್ಪಗ ನಾ ಹೆಂಗ ಹೇಳಲಿ?" ಎಂದು ನಮ್ಮನೆಯವರು ತಲೆ ಕೆರೆದುಕೊಂಡರು. ಬಂಡ್ರಿಗೆ ಹೊರಡುವ ಬೆಳಗಿನವರೆಗೂ ಕೆರೆದುಕೊಳ್ಳುತ್ತಲೇ ಇದ್ದರು. ಮಾವ ಪಟಕಾ ಸುತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತಾಗಿತ್ತು. ನಾನು ಹಿಂದಿನ ಬಾಗಿಲ ತನಕ ಹೋದೆ. ಒಳಗಿನ ಅಡ್ಡ ಬೆಂಚು ಕಂಡಿತು. ಅಲ್ಲಿಂದ ತಿರುಗಿ ಬಂದೆ.

"ಮಾವ, ನನಗ ಮುಂದಿನ ಸೀಟು ಬೇಕ್ರಿ."

ಅತ್ತೆ ನನ್ನ ಸೆರಗು ಜಗ್ಗಿದರು. ಡಾಕ್ಟರು ಹೇಳಿದ್ದನ್ನು ಉಸಿರು ಬಿಡದೆ ಒಪ್ಪಿಸಿದೆ. ಮಾವ ಪಟಕಾ ಸರಿಮಾಡಿಕೊಂಡರು. ಸಿಟ್ಟೋ ಬೆರಗೋ ಗೊತ್ತಾಗಲಿಲ್ಲ. ಮೆಲ್ಲಗೆ ಇಳಿದರು. "ಸೊಸೆಯಂದಿರ ಜಾಗ ಹೆಂಗೈತಿ ನೋಡೇಬಿಡ್ತೀನಿ," ಎಂದು ಹಟದಿಂದ ಹೋಗಿ ಹಿಂದಿನ ಅಡ್ಡ ಬೆಂಚಿನ ಮೇಲೇ ಕೂತರು.

ಘಾಟು ಏರುವಾಗ ನಾನು ದೂರದ ತಿರುವನ್ನು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಬಾಯಲ್ಲಿ ನೀರೂರಿತು. ಜೊತೆಗೆ ತಂದಿದ್ದ ನಿಂಬೆಹಣ್ಣು ಮೂಸಿದೆ. ಮತ್ತೆ ಊರಿತು, ಮತ್ತೆ ಹೋಯಿತು. ಗುಡ್ಡ ಅಷ್ಟು ಹಸಿರಾಗಿರುತ್ತದೆಂದು ಆವತ್ತೇ ಗೊತ್ತಾಗಿದ್ದು. ಅಷ್ಟರಲ್ಲಿ ಹಿಂದಿನಿಂದ ಮಾವನ ದನಿ ಬಂತು. "ಏ, ಗಾಡಿ ನಿಲ್ಲಸಪಾ, ಜಲ್ದಿ."

ಇಳಿದು ರಸ್ತೆಯ ಪಕ್ಕ ಬಗ್ಗಿದರು. ಸೊಸೆ ಮಾವನನ್ನು ಮುಟ್ಟುವ ರೂಢಿ ನಮ್ಮ ಮನೆಯಲ್ಲಿಲ್ಲ. ಮುಟ್ಟಿದೆ. ಬೆನ್ನು ಸವರಿದೆ, ನೀರು ಕೊಟ್ಟೆ, ನನ್ನ ನಿಂಬೆಹಣ್ಣನ್ನೂ ಕೊಟ್ಟೆ. ನಗು ಬರಲಿಲ್ಲವೆಂದರೆ ಸುಳ್ಳಾಗುತ್ತದೆ, ಆದರೆ ಪಾಪ ಅನ್ನಿಸಿದ್ದೂ ನಿಜ. ಅವರು ಮುಖ ತೊಳೆದು, "ಇಷ್ಟು ವರ್ಷ ಆ ಬೆಂಚಿನ ಮ್ಯಾಲೇ ಕುಂತ್ಯೇನವ್ವ?" ಎಂದರು. ಮಧ್ಯದ ಸೀಟಿಗೆ ಬಂದು ಕೂತರು.

ಬಂಡ್ರಿ ಮುಟ್ಟಿದೆ. ನನ್ನ ಕಾಲ ಮೇಲೆ ನಾನೇ ನಡೆದು ತವರಿನ ಹೊಸ್ತಿಲು ದಾಟಿದೆ. ಕೂಸಿನ ಕಿವಿಯಲ್ಲಿ "ಕುರ್ರ್, ಸಮರ್ಥ" ಎಂದೆ. ಗುದ್ದುಗಳು ಬಿದ್ದವು, ಅತ್ತೆಯದೇ ಎಲ್ಲಕ್ಕಿಂತ ಜೋರಾಗಿತ್ತು.

ನಾನು ಪೂರ್ತಿ ವಾಸಿಯಾಗಿಲ್ಲ. ಆ ತೂಗುವ ಹಡಗನ್ನು ಈ ಜನ್ಮದಲ್ಲಿ ಮತ್ತೆ ಹತ್ತುವುದಿಲ್ಲ. ಮಾತ್ರೆ ತಗೊಂಡ ದಿನ ಮಂಪರು ಬರುತ್ತದೆ, ಮರಳುವಾಗ ಒಮ್ಮೆ ಗಾಡಿ ನಿಲ್ಲಿಸಲೇಬೇಕಾಯಿತು. ಆದರೂ ಈಗ ಯಾರಾದರೂ ಊರಿಗೆ ಕರೆದರೆ ಮೊದಲು ನೆಪ ಹುಡುಕುವುದಿಲ್ಲ. ಆ ಡಾಕ್ಟರಿಗೆ ನಾನು ಋಣಿ. ಇಳಿದು ಜಾಗ ಕೊಟ್ಟ ಮಾವನಿಗೂ.

ಆವತ್ತು ಬಂಡ್ರಿಯಲ್ಲಿ ಹೆಂಗಸರೆಲ್ಲ ಊಟಕ್ಕೆ ಎದ್ದ ಮೇಲೆ ತಮ್ಮನ ಮಗಳು ನನ್ನ ಪಕ್ಕ ಬಂದು ಕೂತಳು. ನಾನು ಹೆಸರು ಹೇಳಲಾಗದೆ ಹೋದ ಕೂಸು, ಈಗ ಎರಡು ಜಡೆ ಹಾಕಿಕೊಂಡ ಹುಡುಗಿ. ಕಿವಿಯ ಮೇಲಿನ ಕೂದಲು ಸರಿಸಿ ತಲೆ ವಾಲಿಸಿದಳು.

"ನನಗೂ ಹೇಳು ಅತ್ತಿ."

ಬಗ್ಗಿ, "ಕುರ್ರ್, ಭೂಮಿಕಾ," ಎಂದೆ.

ಗುದ್ದಲು ಯಾರೂ ಇರಲಿಲ್ಲ. ಅವಳೇ ಎದ್ದು ಹಿಂದೆ ಹೋಗಿ ಸಣ್ಣ ಮುಷ್ಟಿಯಿಂದ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

"ಇನ್ನೊಂದು ಹೊಡಿ," ಎಂದೆ.