ಲಾವಕ್ಕಿಯ ಹಿಂಬೆರಳು

ಜನ ಹಕ್ಕಿಯ ಬಣ್ಣ ನೋಡುತ್ತಾರೆ, ಕೂಗು ಕೇಳುತ್ತಾರೆ. ನಾನು ಮೊದಲು ಕಾಲು ನೋಡುತ್ತೇನೆ. ಸಂಶಯ ನನ್ನ ಜನ್ಮಜಾತ ಗುಣ. ಹಾಲಿನ ಅಳತೆಯಿಂದ ಹಿಡಿದು ಹುಮನಾಬಾದ್ ಬಸ್ ನಿಲ್ದಾಣದ ಗಡಿಯಾರದವರೆಗೆ ಯಾವುದನ್ನೂ ಒಂದೇ ನೋಟಕ್ಕೆ ನಂಬಿದವನಲ್ಲ.

ನಮ್ಮ ಕಡೆ ಲಾವಕ್ಕಿ ಎಂದು ಕರೆಸಿಕೊಳ್ಳುವ ಹಕ್ಕಿಗಳು ಎರಡು. ಎರಡೂ ಮುಷ್ಟಿಗಾತ್ರದವು, ಎರಡೂ ಮಣ್ಣಿನ ಬಣ್ಣ ಹೊದ್ದು ಹೊಲದ ಬದುವಿನಲ್ಲಿ ಓಡಾಡುವವು. ಅವುಗಳ ನೆಂಟಸ್ತಿಕೆ ಎಷ್ಟು ಹತ್ತಿರದ್ದೆಂದು ಪಂಡಿತರು ತೀರ್ಮಾನಿಸಲಿ. ಒಂದಕ್ಕೆ ಹಿಂಬೆರಳಿದೆ, ಇನ್ನೊಂದಕ್ಕಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಬೆಳಗಿನ ಶಾಲೆ ಮುಗಿಸಿ ಬಂದೊಡನೆ, ಹೆಂಡತಿ ತನ್ನ ಮಧ್ಯಾಹ್ನದ ಶಾಲೆಗೆಂದು ಬಸವಕಲ್ಯಾಣದ ಬಸ್ಸು ಹಿಡಿಯುತ್ತಿದ್ದಳು. ಸಂಜೆಯವರೆಗೆ ಆರು ತಿಂಗಳ ಮಗಳು ನನ್ನ ಪಾಲು. ಓಣಿಯವರೆಲ್ಲ ಒಳಗೊಳಗೇ ನಗುತ್ತಿದ್ದಾರೆಂಬ ಗುಮಾನಿ ನನ್ನನ್ನು ಎಷ್ಟು ಕೊರೆಯಿತೆಂದರೆ, ಅವಳ ರಾಜೀನಾಮೆಯನ್ನು ನಾನೇ ಸುಂದರ ಅಕ್ಷರಗಳಲ್ಲಿ ಬರೆದು, ಸಹಿಗಾಗಿ ದಿನವೂ ಪೀಡಿಸುತ್ತಿದ್ದೆ.

ಒಂದು ದಿನ ಮಗುವನ್ನೆತ್ತಿಕೊಂಡು ನಿಂತಿದ್ದಾಗ ಹಿಂದಿನ ಹೊಲದ ಸಿದ್ದಪ್ಪ ಹುಲ್ಲು ಸರಿಸಿ ಹಿಂಬೆರಳಿಲ್ಲದ ಲಾವಕ್ಕಿಯ ಗೂಡು ತೋರಿಸಿದ. ಮಂಕು ಬಣ್ಣದ ಹಕ್ಕಿಯೊಂದು ಸರ್ರನೆ ಓಡಿತು. ಗೂಡಿನಲ್ಲಿ ಮೂರು ಮೊಟ್ಟೆ.

“ಕಾವಿಗೆ ಕೂಡೂದು ಗಂಡರಿ, ಮಾಸ್ತರ. ಹೆಣ್ಣ ಆ ಬದುವಿನ ಕಡಿ ಕೂಗಾಕತ್ತದ. ಹಿಂಬೆರಳ ಇದ್ದ ಜಾತ್ಯಾಗ ಹಂಗಲ್ಲರಿ, ಅಲ್ಲಿ ಹೆಣ್ಣೇ ಕೂಡ್ತದ,” ಎಂದ.

ಅವನ ಕಣ್ಣು ನನ್ನ ಹೆಗಲ ಮೇಲಿನ ಮಗುವಿನತ್ತ ಹೋಯಿತು. ನನಗೆ ಮೈಯೆಲ್ಲ ಉರಿಯಿತು. ನನ್ನನ್ನು ಗೇಲಿ ಮಾಡಲೆಂದೇ ಹಕ್ಕಿಶಾಸ್ತ್ರವೊಂದನ್ನು ಹುಟ್ಟಿಸಿದ್ದಾನೆ ಎಂದುಕೊಂಡೆ.

ಸುಳ್ಳು ಹಿಡಿಯಲು ಮರುದಿನ ಮತ್ತೆ ಹೋಗಿ ಬದುವಿನ ಮರೆಯಲ್ಲಿ ಕುಳಿತೆ, ಮಗಳೂ ಪತ್ತೇದಾರಿಕೆಯಲ್ಲಿ ಪಾಲುದಾರಳು. ನಾನು ಗಂಡೆಂದೇ ತಿಳಿದಿದ್ದ, ಕಪ್ಪು ಗಂಟಲಿನ ದಿಮಾಕಿನ ಹಕ್ಕಿ ಬಂದು ಗೂಡಿನಲ್ಲಿ ಕುಳಿತಿತು, ಸ್ವಲ್ಪ ಹೊತ್ತಿಗೆ ಎದ್ದು ಹೋಯಿತು. ಮೆಲ್ಲನೆ ಎಣಿಸಿದೆ. ನಿನ್ನೆಯ ಮೂರು ಮೊಟ್ಟೆ ಈಗ ನಾಲ್ಕಾಗಿದ್ದವು, ಹಾಗಾದರೆ ಆ ದಿಮಾಕಿನದೇ ಹೆಣ್ಣು. ಆಮೇಲೆ ಮಂಕು ಬಣ್ಣದ್ದು ಬಂದು, ಯಾರು ನಗುತ್ತಾರೆಂದು ಅತ್ತಿತ್ತ ನೋಡದೆ, ಕಾವಿಗೆ ಕುಳಿತುಕೊಂಡಿತು. ಸಿದ್ದಪ್ಪ ಹೇಳಿದ್ದು ನಿಜವಾಗಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಆ ಸಂಜೆ ಬಸ್ಸಿಳಿದು ಬಂದ ಹೆಂಡತಿ, ದಣಿದ ದನಿಯಲ್ಲಿ, “ಎಲ್ಲಿ ಅದರಿ ಆ ಕಾಗದ? ಕೊಡ್ರಿ, ಸಹಿ ಮಾಡಿಬಿಡ್ತೀನಿ. ದಿನಾ ಈ ಕಿರಿಕಿರಿ ಸಾಕಾಗ್ಯಾದ,” ಎಂದಳು.

ಕಾಗದ ಅವಳೆದುರಿಗೇ ಒಲೆಗೆ ಹೋಯಿತು. ಇದರಲ್ಲೇನು ಹುನ್ನಾರವೆಂದು ಈ ಸಲ ಸಂಶಯದಿಂದ ನೋಡಿದವಳು ಅವಳು.

ನಾನು ಇಂದಿಗೂ ಹಕ್ಕಿಗಳ ಕಾಲು ನೋಡುತ್ತೇನೆ. ಅಂದು ಮಾತ್ರ ಮಗಳನ್ನು ಹೆಗಲಿಗೆ ಹಾಕಿಕೊಂಡು ಓಣಿಗಿಳಿಯುವ ಮುನ್ನ ನನ್ನ ಕಾಲನ್ನೇ ನೋಡಿಕೊಂಡೆ. ಕಾವಿಗೆ ಕೂತ ಗಂಡಾದರೂ ಐದೂ ಬೆರಳು ಇದ್ದಲ್ಲೇ ಇದ್ದವು.